ಊರಕಾವಲಿಗೆ ರಾಜ್ಯದ ಕೊಡುಗೆ: ಕರ್ನಾಟಕದ ತಳವಾರಿಕೆಯ ಮಾನ್ಯಗಳನ್ನು ಕುರಿತು ಒಂದು ವಿಚಾರ

ಪ್ರಜೆಗಳ ಪ್ರಾಣವನ್ನೂ ಸ್ವತ್ತನ್ನೂ ಕಾಪಾಡುವುದು ಅರಸನ ಮೊದಲನೆಯ ಧರ್ಮವೆಂಬುದು ನಮ್ಮ ಪ್ರಾಚೀನ ರಾಜನೀತಿಯ ಮೂಲಸೂತ್ರಗಳಲ್ಲೊಂದು. ಆದರೆ ಸಾವಿರಾರು ಹಳ್ಳಿಗಳಲ್ಲಿ ಹರಡಿಕೊಂಡಿರುವ ಪ್ರಜೆಗಳನ್ನು ರಾಜಧಾನಿಯಲ್ಲಿರುವ ಅರಸನು ಕಾಯುವ ಬಗೆ ಹೇಗೆ? ಪ್ರತಿ ಊರಿಗೂ ಸಂಬಳದ ಆಳುಗಳನ್ನು ನಿಯಮಿಸುವಷ್ಟು ದ್ರವ್ಯವು ಯಾವ ಬೊಕ್ಕಸದಲ್ಲಿಯೂ ಇರಲಿಲ್ಲ. ನಿಯಮಿಸಿದರೂ ಆ ಊರಿನ ಒಳಹೊರಗನ್ನು ಅರಿಯದ ಪರಸ್ಥಳದವನಿಂದ ಕಾವಲು ಸಾಗುವಂತಿರಲಿಲ್ಲ. ಆದಕಾರಣ ಕಾವಲುಗಾರನನ್ನು ಊರು ಒದಗಿಸುವುದು, ಅವನ ಜೀವನಕ್ಕೆ ರಾಜ್ಯವು ನೆರವಾಗುವುದು ಎಂಬ ಏರ್ಪಾಡು ನಮ್ಮ ನಾಡಿನಲ್ಲಿ ಬಹುಕಾಲ ನಡೆದುಬಂದಿತು. ಈ ಏರ್ಪಾಡಿನ ಸ್ವರೂಪವೇನು, ಅದು ಯಾವ ಆಧಾರದ ಮೇಲೆ ನಿಂತಿತ್ತು, ಯಾವ ಕಾರಣಗಳಿಂದ ಕುಸಿಯಿತು ಎಂಬುದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

1

ಊರಿನ ರಕ್ಷಣೆಗಾಗಿ ಹೋರಾಡಿದವನಿಗೆ ಭೂಮಿಯನ್ನು ಕೊಡುವ ಪದ್ಧತಿಗೆ ನಮ್ಮ ವೀರಗಲ್ಲುಗಳೇ ಹಳೆಯ ಸಾಕ್ಷಿ. ತುರುಗಳನ್ನು ಹಿಡಿದೊಯ್ಯುವ ಕಳ್ಳರನ್ನು ಬೆನ್ನಟ್ಟಿ ಮಡಿದವರ, ಊರಳಿವಿನಲ್ಲಿ ಹೆಂಗಸರ ಮಾನವನ್ನು ಕಾಯುತ್ತ ಬಿದ್ದವರ ಕಲ್ಲುಗಳು ಕರ್ನಾಟಕದ ಎಲ್ಲ ಭಾಗಗಳಲ್ಲಿಯೂ ದೊರೆಯುತ್ತವೆ. ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿಯನ್ನು ಶಾಸನಗಳು ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಮುಂತಾದ ಹೆಸರುಗಳಿಂದ ಕರೆಯುತ್ತವೆ. ಕ್ರಿ. ಶ. 949ರ ತಕ್ಕೋಲದ ಯುದ್ಧದ ಪ್ರಸ್ತಾವವುಳ್ಳ ಆತಕೂರಿನ ಶಾಸನದಲ್ಲಿ ಮಣಲೇರನಿಗೆ ದೊರೆತ ಬಾಳ್ಗಚ್ಚು ಪ್ರಸಿದ್ಧವಾಗಿದೆ. ಅದು ರಣರಂಗದ ಪರಾಕ್ರಮಕ್ಕೆ ಸಂದದ್ದು. ಊರ ತುರುಗಳಿಗಾಗಿ ಸತ್ತ ಸಾಮಾನ್ಯನಿಗೆ ಸಂದ ಒಂದೆರಡು ಕೊಳಗದ ಗದ್ದೆಯೊಡನೆ ಅದನ್ನು ಪ್ರಮಾಣದಲ್ಲಿ ಹೋಲಿಸುವಂತಿಲ್ಲ. ಆದರೆ ಎರಡರ ಹಿಂದೆಯೂ ಇದ್ದ ಭಾವನೆ ಒಂದೇ: ರಕ್ಷಣೆಯ ಋಣವನ್ನು ಭೂಮಿಯಿಂದ ತೀರಿಸಬೇಕು.

ಇವು ಬಹುಮಟ್ಟಿಗೆ ಸತ್ತ ಮೇಲೆ ಸಂದ ಕೊಡುಗೆಗಳು. ಬದುಕಿದ್ದು ದಿನವೂ ಕಾಯುವವನ ಮಾತು ಬೇರೆ. ಅವನನ್ನು ಹಳಗನ್ನಡವು ‘ತಳಾಱ’ನೆಂದು ಕರೆಯುತ್ತದೆ, ‘ತಳವಾರ’ ಎಂಬುದು ಅದೇ ಮಾತಿನ ಮುಂದಿನ ರೂಪ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಅರಮನೆಯ ಕಳವು ನಡೆದಾಗ ಅರಸನು ತಳಾಱನನ್ನು ಕರೆಸಿ, ಗೊತ್ತಾದ ದಿನಗಳೊಳಗಾಗಿ ಕಳ್ಳನನ್ನು ತಂದೊಪ್ಪಿಸದಿದ್ದರೆ ಕಳ್ಳನಿಗೆ ಸಲ್ಲುವ ಶಿಕ್ಷೆಯು ಅವನಿಗೇ ಸಲ್ಲುವುದೆಂದು ಎಚ್ಚರಿಸುತ್ತಾನೆ. ಕಥೆಯನ್ನು ಚರಿತ್ರೆಯೆಂದು ಗ್ರಹಿಸುವಂತಿಲ್ಲ. ಆದರೂ ಕಾವಲುಗಾರನು ಹಿಡಿಯದ ಕಳವಿಗೆ ಅವನೇ ಉತ್ತರವಾದಿಯೆಂಬ ಭಾವನೆಯು ಅಂದಿನ ಓದುಗರಿಗೆ ವಿಚಿತ್ರವಾಗಿ ತೋರುತ್ತಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಧರ್ಮಶಾಸ್ತ್ರವು ಈ ಹೊಣೆಯನ್ನು ಊರಿಗೇ ವಿಸ್ತರಿಸುತ್ತದೆ. ಕಳ್ಳನ ಹೆಜ್ಜೆಯ ಗುರುತು ಊರನ್ನು ಬಿಟ್ಟು ಹೊರಹೋಗದಿದ್ದರೆ ಗ್ರಾಮಾಧಿಪತಿಗೆ ದೋಷವೆಂದೂ, ತನ್ನ ಸೀಮೆಯಲ್ಲಿ ಆದ ಕಳವನ್ನು ಆ ಗ್ರಾಮವೇ, ಇಲ್ಲವೆ ಹೆಜ್ಜೆಯು ಯಾವ ಗ್ರಾಮವನ್ನು ಹೊಕ್ಕಿತೋ ಆ ಗ್ರಾಮವು ತುಂಬಿಕೊಡತಕ್ಕದ್ದೆಂದೂ ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನೆಂಬುದು ಇಲ್ಲಿ ಸ್ಮರಣೀಯ. ಏಳು ಶತಮಾನಗಳ ತರುವಾಯ, ಪೇಶ್ವೆಯಿಂದ ಗೆದ್ದ ಪ್ರಾಂತಗಳನ್ನು ಕುರಿತು 1819ರಲ್ಲಿ ವರದಿ ಬರೆದ ಎಲ್ಫಿನ್‌ಸ್ಟನ್ ಸಾಹೇಬನು ಹೆಜ್ಜೆ ಹಿಡಿದು ಊರಿಂದ ಊರಿಗೆ ಹೊಣೆಯನ್ನು ದಾಟಿಸುವ ಇಂಥದೇ ವಾಡಿಕೆಯನ್ನು ಕಂಡನು. ಶಾಸ್ತ್ರದ ಮಾತು ಬರಿಯ ಶಾಸ್ತ್ರವಾಗಿ ಉಳಿದಿರಲಿಲ್ಲವೆಂದು ಇದರಿಂದ ಊಹಿಸಬಹುದಾಗಿದೆ.

2

ವಿಜಯನಗರದ ಕಾಲಕ್ಕೆ ಬಂದರೆ ಕಾವಲಿನ ವೆಚ್ಚದ ಪ್ರಶ್ನೆಯು ಸ್ಪಷ್ಟವಾಗಿ ಮುಂದೆ ಬರುತ್ತದೆ. 1443ರಲ್ಲಿ ರಾಜಧಾನಿಗೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ನಗರಾಧಿಕಾರಿಯ ಕೈಕೆಳಗೆ 12,000 ಕಾವಲಿನವರು ಇದ್ದರೆಂದೂ, ಅವರಿಗೆ ದಿನವೊಂದಕ್ಕೆ ಸಲ್ಲುವ 12,000 ಹಣಗಳು ವೇಶ್ಯಾವಾಟಿಕೆಗಳ ಸುಂಕದಿಂದ ಒದಗುತ್ತಿದ್ದುವೆಂದೂ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಕಾವಲಿಗೆಂದು ಒಂದು ಆದಾಯವನ್ನು ಬೇರೆಯಾಗಿ ಮೀಸಲಿಟ್ಟಿದ್ದರೆಂಬ ಸಂಗತಿ ಮುಖ್ಯವಾದದ್ದು. ನಾಡಿನಲ್ಲಿ ಕ್ರಮ ಬೇರೆ. ತಳವಾರಿಕೆ ಎಂಬುದು ಈ ಕಾಲದ ಶಾಸನಗಳಲ್ಲಿ ತೆರಿಗೆಗಳ ಪಟ್ಟಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. ಎಂದರೆ ಕಾವಲಿನ ವೆಚ್ಚವನ್ನು ಊರವರಿಂದ ಎತ್ತುತ್ತಿದ್ದರು. ದಾರಿಯಲ್ಲಿ ದರೋಡೆಗೆ ಸಿಕ್ಕಿದವನು ದೂರಿತ್ತರೆ ಅರಸನು ಆ ಸೀಮೆಯ ನಾಯಕನನ್ನು ಕರೆಸುತ್ತಿದ್ದನೆಂದೂ, ಕಳ್ಳನು ಸಿಕ್ಕದಿದ್ದರೆ ನಾಯಕನ ಸ್ವತ್ತಿಗೇ ಅಪಾಯವಿತ್ತೆಂದೂ ಪೋರ್ಚುಗೀಸನಾದ ನೂನಿಜನು ತಿಳಿಸುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹಳ್ಳಿಯ ಆಯಗಾರರ ಪಟ್ಟಿಯು ನಮಗೆ ವಿಶದವಾಗಿ ದೊರೆಯುತ್ತದೆ. ವಿಲ್ಕ್ಸ್‌ನು 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿಯೂ, 1812ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಬಂದ ‘ಐದನೆಯ ವರದಿ’ಯಲ್ಲಿಯೂ ಗೌಡ, ಶಾನುಭೋಗರ ಬಳಿಕ ತಳವಾರ, ತೋಟಿಗಳ ಹೆಸರು ಬರುತ್ತದೆ. ಅಪರಾಧಗಳ ಸುಳಿವನ್ನು ಹಿಡಿಯುವುದು, ಪ್ರಯಾಣಿಕರನ್ನು ಮುಂದಿನ ಊರಿನವರೆಗೆ ಮುಟ್ಟಿಸುವುದು ತಳವಾರನ ಕೆಲಸ. ಊರೊಳಗಿದ್ದು ಪೈರನ್ನು ಕಾಯುವುದು, ರಾಶಿಯನ್ನು ಅಳೆಯುವಾಗ ನೆರವಾಗುವುದು ತೋಟಿಯ ಕೆಲಸ. ಇವರ ಹೆಸರುಗಳು ಪ್ರಾಂತದಿಂದ ಪ್ರಾಂತಕ್ಕೆ ಭೇದಿಸುತ್ತವೆ. ಉತ್ತರದ ಜಿಲ್ಲೆಗಳಲ್ಲಿ ವಾಲೀಕಾರ, ಸನದಿ. ದಕ್ಷಿಣ ಕನ್ನಡದಲ್ಲಿ ಉಗ್ರಾಣಿ.

ಈ ಸಾಮಗ್ರಿಯನ್ನು ಒಟ್ಟಾಗಿ ನೋಡಿದಾಗ ಊರಕಾವಲಿನ ಏರ್ಪಾಡಿಗೆ ಮೂರು ಅಂಗಗಳಿದ್ದುವೆಂದು ನಮಗೆ ತೋರುತ್ತದೆ. ಮೊದಲನೆಯದು ರಾಜ್ಯದ ಕೊಡುಗೆ: ಕಂದಾಯವಿಲ್ಲದ, ಇಲ್ಲವೆ ‘ಜೋಡಿ’ ಎಂಬ ಹಗುರವಾದ ತೆರಿಗೆಯುಳ್ಳ ಮಾನ್ಯದ ಭೂಮಿ. ಎರಡನೆಯದು ರೈತರ ಆಯ: ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಅಳೆದುಕೊಡುವ ಧಾನ್ಯ. ಮೂರನೆಯದು ಹೊಣೆ: ಕಳವಾದ ಸ್ವತ್ತನ್ನು ಹುಡುಕಿಕೊಡುವ, ಇಲ್ಲವೆ ಅದಕ್ಕೆ ಉತ್ತರ ಹೇಳುವ ಭಾರ. ಮಾನ್ಯವು ಕಾವಲುಗಾರನನ್ನು ಸರ್ಕಾರಕ್ಕೂ, ಆಯವು ಅವನನ್ನು ರೈತರಿಗೂ ಕಟ್ಟಿಹಾಕಿತ್ತು. ಹೊಣೆಯು ಈ ಎರಡು ಕಟ್ಟುಗಳನ್ನೂ ಬಿಗಿಯಾಗಿ ಇರಿಸಿತ್ತು. ರೈತನಿಗೆ ಅಸಮಾಧಾನವಾದರೆ ಕಣದಲ್ಲಿ ಕೈ ಹಿಡಿಯುತ್ತಿದ್ದನು. ಸರ್ಕಾರಕ್ಕೆ ಅಸಮಾಧಾನವಾದರೆ ಮಾನ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾಗಿತ್ತು.

ಈ ಏರ್ಪಾಡನ್ನು ರಾಮರಾಜ್ಯವೆಂದು ಬಣ್ಣಿಸುವ ಲೇಖಕರಿದ್ದಾರೆ. ನಾವು ಅವರನ್ನು ಪೂರ್ತಿಯಾಗಿ ಅನುಸರಿಸಲಾರೆವು. ಕಾಯುವವನೇ ಕಳ್ಳರೊಡನೆ ಸೇರುವುದು ಅಪರೂಪವಾಗಿರಲಿಲ್ಲ. ತಮಿಳು ಸೀಮೆಯಲ್ಲಿ ಪಾಳೆಯಗಾರರು ‘ಕಾವಲ್’ ಎಂಬ ಹೆಸರಿನಿಂದ ಹಣವನ್ನು ಎತ್ತಿ, ಕೊಡದ ಊರನ್ನು ತಾವೇ ಸುಲಿಗೆಗೆ ಒಡ್ಡುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಕೊಡುಗೆಯನ್ನು ಪಡೆದವನು ಬಲಿಷ್ಠನಾಗಿದ್ದು ಹೊಣೆಯನ್ನು ಕೇಳುವವರು ದುರ್ಬಲರಾಗಿದ್ದರೆ ಕಾವಲು ಸುಲಿಗೆಯಾಗಿ ಪರಿಣಮಿಸುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

3

ಇಂಗ್ಲಿಷರು ಮೊದಲು ಈ ಏರ್ಪಾಡನ್ನು ಕಿತ್ತುಹಾಕಲು ಯತ್ನಿಸಿದರು. ಬಂಗಾಳದಲ್ಲಿ ಕಾರ್ನ್‌ವಾಲಿಸನು 1793ರ 22ನೆಯ ರೆಗ್ಯುಲೇಷನ್ನಿನಿಂದ ಜಮೀನ್ದಾರರ ಕಾವಲಿನ ಅಧಿಕಾರವನ್ನು ತೆಗೆದುಹಾಕಿ, ಠಾಣೆಗೊಬ್ಬ ಸಂಬಳದ ದರೋಗನನ್ನು ನೇಮಿಸಿದನು. 1802ರಲ್ಲಿ ಮದರಾಸು ಆಧಿಪತ್ಯಕ್ಕೂ ಅದೇ ಕ್ರಮ ಬಂದಿತು. ದರೋಗನಿಗೆ ಸಂಬಳವಿತ್ತು, ಊರಿನ ಪರಿಚಯವಿರಲಿಲ್ಲ. ಅಧಿಕಾರವಿತ್ತು, ಊರಿಗೆ ಉತ್ತರ ಹೇಳುವ ಭಾರವಿರಲಿಲ್ಲ. 1799ರಿಂದ ಕನ್ನಡ ಜಿಲ್ಲೆಯಲ್ಲಿಯೂ, 1800ರಿಂದ 1807ರವರೆಗೆ ಬಳ್ಳಾರಿಯನ್ನೊಳಗೊಂಡ ದತ್ತಮಂಡಲಗಳಲ್ಲಿಯೂ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಈ ಕ್ರಮದ ದೋಷಗಳನ್ನು ಕಣ್ಣಾರೆ ಕಂಡಿದ್ದನು. ಆತನ ಪ್ರಯತ್ನದಿಂದ ಹೊರಟ 1816ರ 11ನೆಯ ರೆಗ್ಯುಲೇಷನ್ನು ಪೊಲೀಸಿನ ಅಧಿಕಾರವನ್ನು ಮರಳಿ ಗ್ರಾಮದ ಮುಖ್ಯಸ್ಥನಿಗೂ ತಳವಾರನಿಗೂ ಒಪ್ಪಿಸಿತು. ಸಣ್ಣಪುಟ್ಟ ಜಗಳಗಳಲ್ಲಿ ತಪ್ಪಿತಸ್ಥನನ್ನು 12 ಗಂಟೆಗಳವರೆಗೆ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರವು ಮುಖ್ಯಸ್ಥನಿಗೆ ದೊರೆಯಿತು.

ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯನವರು ಹಿಡಿದ ಮಾರ್ಗವು ಗಮನಾರ್ಹವಾದದ್ದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಟಿಪ್ಪುವಿನ ಸೈನ್ಯದಿಂದಲೂ ಪಾಳೆಯಗಾರರ ಪರಿವಾರಗಳಿಂದಲೂ ಬಿಡುಗಡೆ ಹೊಂದಿದ ಆಯುಧಪಾಣಿಗಳು ನಾಡಿನಲ್ಲಿ ತುಂಬಿದ್ದರು. ಅವರಿಗೆ ಅನ್ನದ ದಾರಿಯನ್ನು ತೋರಿಸದಿದ್ದರೆ ಅವರು ದರೋಡೆಯ ದಾರಿಯನ್ನು ಹಿಡಿಯುವುದು ನಿಶ್ಚಯವಾಗಿತ್ತು. ಪೂರ್ಣಯ್ಯನವರು ಸುಮಾರು 20,000 ಮಂದಿಯನ್ನು ‘ಕಂದಾಚಾರ’ಕ್ಕೆ ಸೇರಿಸಿಕೊಂಡರು. ಇವರು ಸ್ವಂತ ಊರಿನಲ್ಲಿಯೇ ನಿಂತು ಬೇಸಾಯ ಮಾಡಿಕೊಂಡು ಅಲ್ಪವೇತನದ ಮೇಲೆ ಕಾವಲನ್ನು ನಡೆಸತಕ್ಕದ್ದು. ಹೊರಗೆ ಕರೆಸಿಕೊಂಡಾಗ ಹೆಚ್ಚಿನ ಭತ್ಯ. ಅಪರಾಧವನ್ನು ಶಿಕ್ಷಿಸುವುದಕ್ಕಿಂತ ಅಪರಾಧಕ್ಕೆ ಕಾರಣವಾಗುವ ನಿರುದ್ಯೋಗವನ್ನು ತಪ್ಪಿಸುವುದು ಮೇಲೆಂಬ ವಿವೇಕವು ಈ ಏರ್ಪಾಡಿನಲ್ಲಿದೆ. ಸರ್ಕಾರದ ಹಣದಿಂದ ಸ್ಥಳೀಯ ಕಾವಲನ್ನೂ ಅಪರಾಧನಿವಾರಣೆಯನ್ನೂ ಒಂದೇ ಬಾರಿಗೆ ಸಾಧಿಸಿದ ನಿದರ್ಶನವೆಂದು ಇದನ್ನು ನಾವು ಎಣಿಸುತ್ತೇವೆ.

ಕೊಡುಗೆಯನ್ನು ಕಿತ್ತುಕೊಂಡರೆ ಏನಾಗುವುದೆಂಬುದಕ್ಕೆ ಕಿತ್ತೂರಿನ ಇತಿಹಾಸವು ನಿದರ್ಶನವಾಗಿದೆ. ಸಂಸ್ಥಾನದ ಸೇವೆಗಾಗಿ ಸನದಿನ ಮೂಲಕ ಹೊಲವನ್ನು ಪಡೆದವರು ಶೇತಸನದಿಗಳು. 1824ರಲ್ಲಿ ಕಿತ್ತೂರು ಕಂಪನಿಯ ವಶವಾದ ಮೇಲೆ ಇಂಥ ಹೊಲಗಳು ಸರ್ಕಾರದ ವಿಚಾರಣೆಗೆ ಗುರಿಯಾದುವು. ಕೆಲವು ಜಪ್ತಾದುವು, ಉಳಿದುವುಗಳ ಮೇಲೆ ತೆರಿಗೆ ಏರಿತು. ಸಂಗೊಳ್ಳಿಯ ರಾಯಣ್ಣನು ಅಂಥ ಶೇತಸನದಿಗಳಲ್ಲೊಬ್ಬನು. 1829–30ರಲ್ಲಿ ಅವನ ಕಡೆಯವರು ಸರ್ಕಾರಿ ಕಚೇರಿಗಳ ಮೇಲೆ ಬಿದ್ದು ದಫ್ತರಗಳನ್ನು ಸುಟ್ಟರು. ಸ್ವಾಮಿನಿಷ್ಠೆಯೂ ಸ್ವಾತಂತ್ರ್ಯದ ಹಂಬಲವೂ ಆ ಬಂಡಾಯದ ಮೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಫ್ತರವನ್ನು ಸುಡುವುದು ಅರ್ಥವಿಲ್ಲದ ಕ್ರಿಯೆಯಾಗಿರಲಿಲ್ಲ. ಮಾನ್ಯವನ್ನು ಅಳಿಸಿದ ಬರಹವು ಆ ದಫ್ತರದಲ್ಲಿಯೇ ಇತ್ತು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಊರನ್ನು ಕಾಯುವುದಕ್ಕೆಂದು ಭೂಮಿ ಪಡೆದ ವರ್ಗದವನೊಬ್ಬನು, ಆ ಭೂಮಿಯು ಕೈಬಿಟ್ಟಾಗ ಸರ್ಕಾರದ ಶತ್ರುವಾದದ್ದನ್ನು ಅರ್ಥಮಾಡಿಕೊಳ್ಳದೆ ಆ ಕಾಲದ ಚರಿತ್ರೆಯನ್ನು ಬರೆಯುವಂತಿಲ್ಲ.

4

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿಯೂ ಇಂಡಿಯದಲ್ಲಿಯೂ ಪೊಲೀಸು ಪುನರ್ರಚನೆಗೊಂಡಿತು. ಎರಡು ಕಡೆಗಳಲ್ಲಿ ಹಿಡಿದ ದಾರಿಗಳ ವ್ಯತ್ಯಾಸವು ಬೋಧಪ್ರದವಾಗಿದೆ. ಇಂಗ್ಲೆಂಡಿನಲ್ಲಿ 1856ರ ಕಾಯಿದೆಯು ಪ್ರತಿಯೊಂದು ಕೌಂಟಿಯೂ ತನ್ನದೇ ಪೊಲೀಸನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿ, ಸಂಬಳ ಮತ್ತು ಉಡುಪಿನ ವೆಚ್ಚದಲ್ಲಿ ನಾಲ್ಕನೆಯ ಒಂದು ಪಾಲನ್ನು ಸರ್ಕಾರದ ಬೊಕ್ಕಸದಿಂದ ಕೊಡುವ ಏರ್ಪಾಡು ಮಾಡಿತು. ಸರ್ಕಾರದ ತನಿಖಾಧಿಕಾರಿಯು ಪೊಲೀಸು ದಕ್ಷವಾಗಿದೆಯೆಂದು ಒಪ್ಪಿದರೆ ಮಾತ್ರ ಹಣ. 1874ರಲ್ಲಿ ಈ ಪಾಲು ಅರ್ಧಕ್ಕೆ ಏರಿತು. ಆಡಳಿತವು ಸ್ಥಳೀಯರದು, ಸಹಾಯವು ರಾಜ್ಯದ್ದು, ಸಹಾಯಕ್ಕೆ ಪರೀಕ್ಷೆಯುಂಟು ಎಂಬುದು ಅದರ ತತ್ತ್ವ.

ಇಂಡಿಯದಲ್ಲಿ 1861ರ 5ನೆಯ ಕಾಯಿದೆಯು ಹೊಸ ಪೊಲೀಸನ್ನು ಪ್ರಾಂತಸರ್ಕಾರದ ಕೈಯಲ್ಲಿಟ್ಟಿತು. ವಂಶಪಾರಂಪರ್ಯದ ಗ್ರಾಮಪೊಲೀಸರಿಗೆ ಅವರು ಅದರಲ್ಲಿ ದಾಖಲಾದ ಹೊರತು ಈ ಕಾಯಿದೆ ತಗಲುವುದಿಲ್ಲವೆಂದು ಅದರ 21ನೆಯ ಕಲಮು ಹೇಳಿತು. ಹೀಗೆ ತಳವಾರನು ಹೊಸ ಏರ್ಪಾಡಿನ ಹೊರಗೆ ಉಳಿದನು. ಗಲಭೆಯಾದ ಪ್ರದೇಶದಲ್ಲಿ ಹೆಚ್ಚುವರಿ ಪೊಲೀಸನ್ನು ಇಟ್ಟು ಅದರ ವೆಚ್ಚವನ್ನು ಅಲ್ಲಿಯ ನಿವಾಸಿಗಳಿಂದಲೇ ವಸೂಲು ಮಾಡುವ ಅಧಿಕಾರವೂ ಆ ಕಾಯಿದೆಯಲ್ಲಿತ್ತು. ಇಂಗ್ಲೆಂಡಿನ ಊರಿಗೆ ಪೊಲೀಸಿನ ಹಣವು ಸಹಾಯವಾಗಿ ಬಂದರೆ, ನಮ್ಮ ಊರಿಗೆ ಅದು ದಂಡವಾಗಿ ಬಂದಿತೆನ್ನಬಹುದು.

ಈ ಅವಧಿಯಲ್ಲಿಯೇ ಹಿಂದೆ ಹೇಳಿದ ಮೂರು ಅಂಗಗಳೂ ಒಂದನ್ನೊಂದು ಬಿಟ್ಟುವು. ಕಳವಿನ ಹೊಣೆಯು ಹೊಸ ನ್ಯಾಯಾಲಯಗಳ ಮುಂದೆ ನಿಲ್ಲಲಿಲ್ಲ. ಮದರಾಸು ಆಧಿಪತ್ಯದಲ್ಲಿ 1858ರ ಇನಾಮು ಕಮಿಷನ್ನಿನ ತರುವಾಯ ಸೇವೆಯ ಇನಾಮುಗಳಿಗೆ ಜೋಡಿಯನ್ನು ಗೊತ್ತುಮಾಡಿ ಸೇವೆಯಿಂದ ಬಿಡಿಸುವ ಕ್ರಮ ಬಂದಿತು. 1864ರ ಗ್ರಾಮ ಸೆಸ್ಸಿನ ಕಾಯಿದೆಯಿಂದ ಗ್ರಾಮಸೇವಕರಿಗೆ ನಗದು ಸಂಬಳವು ಒದಗಿತು. ಕಣದ ಆಯವು ಹೀಗೆ ತೆರಿಗೆಯಾಗಿ ಮಾರ್ಪಟ್ಟಿತು. ಮುಂಬಯಿಯಲ್ಲಿ 1867ರ ಗ್ರಾಮಪೊಲೀಸು ಕಾಯಿದೆಯೂ 1874ರ ವತನದ ಕಾಯಿದೆಯೂ ವಾಲೀಕಾರ, ಸನದಿಗಳ ಹಕ್ಕುಬಾಧ್ಯತೆಗಳನ್ನು ಬರಹಕ್ಕೆ ಇಳಿಸಿದುವು. ಮೈಸೂರಿನಲ್ಲಿ ಇಂಥ ಕೆಲಸವನ್ನು 1908ರ ಗ್ರಾಮ ಹುದ್ದೆಗಳ ಕಾಯಿದೆ ಮಾಡಿತು. ಬರಹದಲ್ಲಿ ಹಕ್ಕು ಸ್ಥಿರವಾದಂತೆಲ್ಲ ಮಾನ್ಯವು ಸೇವೆಯ ಪ್ರತಿಫಲವೆಂಬುದು ಮರೆತು, ಮನೆತನದ ಆಸ್ತಿಯೆಂಬುದೇ ಮುಂದೆ ಬಂದಿತು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಅದು ಚೂರುಚೂರಾಯಿತು. ಆಂಡ್ರೂ ಫ್ರೇಸರನ ಅಧ್ಯಕ್ಷತೆಯ 1902–03ರ ಪೊಲೀಸು ಕಮಿಷನ್ನು, ಗ್ರಾಮದ ಸಹಕಾರವಿಲ್ಲದೆ ಪೊಲೀಸಿನ ಕೆಲಸ ನಡೆಯದೆಂದೂ, ಊರ ಕಾವಲುಗಾರನು ಗ್ರಾಮದ ಮುಖ್ಯಸ್ಥನ ಅಧೀನದಲ್ಲಿಯೇ ಇರಬೇಕೆಂದೂ ಒತ್ತಿಹೇಳಿತು. ಅಷ್ಟರಲ್ಲಿ ಅಡಿಪಾಯವೇ ಸಡಿಲಿತ್ತು.

5

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ವಿಚಾರವು ಅಪೂರ್ಣವಾಗುತ್ತದೆ. ಊರಿನ ಕೆಳಗಿನ ಹುದ್ದೆಗಳು ಬಹುಮಟ್ಟಿಗೆ ಜಾತಿಗೆ ಅಂಟಿಕೊಂಡಿದ್ದುವು. ತೋಟಿಯ ಕೆಲಸವು ಅನೇಕ ಕಡೆಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಪಾಲಿಗೆ ಬಂದಿತ್ತು. ಒಂದು ತುಂಡು ಹೊಲವಿದೆಯೆಂಬ ಕಾರಣಕ್ಕಾಗಿ ಅವರು ಹಗಲಿರುಳೆನ್ನದೆ ಕರೆದಾಗ ಬರಬೇಕಾಗಿತ್ತು: ಅಮಲ್ದಾರರ ಸಾಮಾನನ್ನು ಹೊರಬೇಕು, ಟಪಾಲನ್ನು ಒಯ್ಯಬೇಕು, ಸತ್ತ ಸುದ್ದಿಯನ್ನು ಮುಟ್ಟಿಸಬೇಕು. ಡಾ. ಬಿ. ಆರ್. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ 1874ರ ವತನದ ಕಾಯಿದೆಗೆ ತಿದ್ದುಪಡಿಯನ್ನು ತಂದಾಗ ಎತ್ತಿದ ಪ್ರಶ್ನೆ ಇದೇ: ಕೆಲಸಕ್ಕೆ ಮಿತಿಯಿಲ್ಲ, ಪ್ರತಿಫಲವು ಅತ್ಯಲ್ಪ, ವತನದಾರನು ಇಲ್ಲದಿದ್ದರೆ ಅವನ ಮನೆಯವರನ್ನೇ ಎಳೆಯಬಹುದು. ಬೆಳಗಾಂವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಚರ್ಚೆಯು ಕನ್ನಡನಾಡಿನದೂ ಆಗಿತ್ತು. ಆ ಮಸೂದೆಯು ಕಾಯಿದೆಯಾಗಲಿಲ್ಲ. ಆದರೆ ಅಂಬೇಡ್ಕರರ ಪ್ರಶ್ನೆಯು ಮಾನ್ಯದ ಇನ್ನೊಂದು ಮುಖವನ್ನು ತೋರಿಸಿತು: ರಾಜ್ಯದ ದೃಷ್ಟಿಯಲ್ಲಿ ಕೊಡುಗೆಯಾದದ್ದು ಪಡೆದವನ ದೃಷ್ಟಿಯಲ್ಲಿ ಬಿಟ್ಟಿಯ ಸಂಕೋಲೆಯಾಗಿತ್ತು. ಹಳೆಯ ಏರ್ಪಾಡಿನ ಮೂರು ಅಂಗಗಳನ್ನು ಎಣಿಸುವಾಗ, ಈ ಭಾರವನ್ನು ಹೊತ್ತವರನ್ನು ಯಾರೂ ಅಭಿಪ್ರಾಯ ಕೇಳಿರಲಿಲ್ಲವೆಂಬುದನ್ನು ನಾವು ಮರೆಯಕೂಡದು.

ಏಕೀಕರಣದ ಬಳಿಕ 1961ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಾಗಿ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ವಂಶಪಾರಂಪರ್ಯದ ಹುದ್ದೆಗಳೆಲ್ಲ ಕೊನೆಗೊಂಡುವು; ಅವುಗಳಿಗೆ ಸೇರಿದ ಭೂಮಿಯನ್ನು ಸರ್ಕಾರವು ಹಿಂದಕ್ಕೆ ಪಡೆದು, ಗೊತ್ತಾದ ಮೊಬಲಗನ್ನು ಕಟ್ಟಿಸಿಕೊಂಡು ಹಿಂದಿನ ಹುದ್ದೆದಾರರಿಗೇ ಮರುಮಂಜೂರು ಮಾಡುವ ಕ್ರಮವನ್ನು ಇಟ್ಟಿತು. ಹೀಗೆ ಮರುಮಂಜೂರಾದ ಭೂಮಿಯು ಬೇಗನೆ ಪರಾಧೀನವಾಗದಂತೆ 1978ರ ತಿದ್ದುಪಡಿಯು 15 ವರ್ಷಗಳ ನಿರ್ಬಂಧವನ್ನು ವಿಧಿಸಿತು. ಹೊಲವು ಉಳಿಯಿತು, ಬಿಟ್ಟಿ ಹೋಯಿತು. ಇದು ನ್ಯಾಯವಾದ ಕಾರ್ಯವೆಂಬುದನ್ನು ನಾವು ನಿಸ್ಸಂಶಯವಾಗಿ ಒಪ್ಪುತ್ತೇವೆ.

ಆದರೆ ಬಿಟ್ಟಿಯೊಡನೆ ಊರಕಾವಲೂ ಹೋಯಿತು. ಅದರ ಸ್ಥಾನವನ್ನು ತುಂಬಲು 1964ರಲ್ಲಿ ಗ್ರಾಮರಕ್ಷಣಾ ದಳಗಳ ಕಾಯಿದೆ ಬಂದಿತು. ಊರಿನವರೇ ದಳವಾಗಿ ನಿಂತು ಜನರ ಪ್ರಾಣ ಸ್ವತ್ತುಗಳನ್ನು ಕಾಯಬೇಕೆಂಬುದು ಅದರ ಆಶಯ. ಈ ದಳಗಳಿಗೆ ಹಿಂದಿನ ಮಾನ್ಯವೂ ಇರಲಿಲ್ಲ, ಕಣದ ಆಯವೂ ಇರಲಿಲ್ಲ, ಉತ್ಸಾಹವೊಂದೇ ಬಂಡವಾಳ. ಇತ್ತ 1969–70ರಿಂದ ಕೇಂದ್ರಸರ್ಕಾರವು ರಾಜ್ಯಗಳ ಪೊಲೀಸನ್ನು ಆಧುನಿಕಗೊಳಿಸಲು ಧನಸಹಾಯ ನೀಡುವ ಯೋಜನೆಯನ್ನು ಆರಂಭಿಸಿತು. ಸಂವಿಧಾನದ ಪ್ರಕಾರ ಪೊಲೀಸು ರಾಜ್ಯಪಟ್ಟಿಗೆ ಸೇರಿದ ವಿಷಯವಾದರೂ ಕೇಂದ್ರದ ಹಣವು ಅದಕ್ಕೆ ಹೀಗೆ ಹರಿಯಿತು. ಅದರ ಗುರಿಯು ಮುಖ್ಯವಾಗಿ ವಾಹನ, ಆಯುಧ, ಸಂಪರ್ಕಸಾಧನ, ಕಟ್ಟಡಗಳು. ಅವು ಅವಶ್ಯವಾದುವೇ. ಆದರೆ ಸಹಾಯವು ಠಾಣೆಯವರೆಗೆ ಬಂದು ನಿಲ್ಲುತ್ತದೆ. ಠಾಣೆಗೂ ಊರಿಗೂ ನಡುವಣ ದಾರಿಯನ್ನು ಹಿಂದೆ ತಳವಾರನು ನಡೆಯುತ್ತಿದ್ದನು.

6

ಇಷ್ಟು ವಿಚಾರದಿಂದ ಮೂರು ನಿರ್ಣಯಗಳನ್ನು ಮುಂದಿಡಬಹುದು. ಒಂದನೆಯದು, ಸ್ಥಳೀಯ ಕಾವಲಿಗೆ ರಾಜ್ಯವು ಧನವನ್ನೋ ಭೂಮಿಯನ್ನೋ ಕೊಡುವುದು ಆಧುನಿಕರ ಹೊಸ ಕಲ್ಪನೆಯಲ್ಲ; ನಮ್ಮ ನಾಡಿನಲ್ಲಿ ಅದಕ್ಕೆ ದೀರ್ಘವಾದ ಪರಂಪರೆಯಿದೆ. ಎರಡನೆಯದು, ಕೊಡುಗೆಯೊಂದೇ ಕಾವಲನ್ನು ಹುಟ್ಟಿಸಲಿಲ್ಲ. ಊರಿನ ಪಾಲೂ ಹೊಣೆಯೂ ಅದರ ಜೊತೆಗಿದ್ದಾಗ ಅದು ನಡೆಯಿತು. ಅವು ಕಳಚಿಹೋದಾಗ ಮಾನ್ಯವು ಖಾಸಗಿ ಆಸ್ತಿಯಾಗಿ ಉಳಿಯಿತು. ಮೂರನೆಯದು, ಊರಿನ ಪಾಲು ಎಂಬ ಹೆಸರಿನಲ್ಲಿ ಒಂದು ಜಾತಿಯ ಬೆನ್ನ ಮೇಲೆ ಭಾರವನ್ನು ಹೇರಿದರೆ ಅದು ಸಮುದಾಯದ ಕಾವಲೆನಿಸುವುದಿಲ್ಲ. ಊರಿನ ಕಾವಲಿಗೆ ಸರ್ಕಾರವು ಮತ್ತೆ ಸಹಾಯವನ್ನು ಯೋಚಿಸುವುದಾದರೆ ಹಣದ ಮೊತ್ತವನ್ನು ಗೊತ್ತುಮಾಡುವ ಮುನ್ನ, ಕಾಯುವವನು ಯಾರಿಗೆ ಉತ್ತರ ಹೇಳಬೇಕು, ಅವನ ಕೆಲಸಕ್ಕೆ ಮಿತಿಯೆಲ್ಲಿ ಎಂಬ ಎರಡು ಪ್ರಶ್ನೆಗಳನ್ನು ಇತ್ಯರ್ಥಗೊಳಿಸಬೇಕೆಂದು ಈ ಚರಿತ್ರೆಯು ಸೂಚಿಸುತ್ತದೆ.

ಈ ವಿಷಯದಲ್ಲಿ ಇನ್ನೂ ಮಾಡಬೇಕಾದ ಕೆಲಸ ಬಹಳವಿದೆ. ತಳವಾರ, ವಾಲೀಕಾರ, ಸನದಿ ಎಂಬ ಅಡ್ಡಹೆಸರುಗಳು ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಳಕೆಯಲ್ಲಿವೆ. ತೋಟಿಮಾನ್ಯ, ತಳವಾರರ ಹೊಲ ಎಂಬ ಹೆಸರುಗಳು ಹಳ್ಳಿಗಳಲ್ಲಿ ಕೇಳಿಬರುತ್ತವೆ. ಅಂಥ ಮನೆತನಗಳಲ್ಲಿ ಹಳೆಯ ಸನದುಗಳು, ಜೋಡಿಯ ರಸೀದಿಗಳು ಇರಬಹುದು. ಅವುಗಳಿಗಿಂತ ಮಿಗಿಲಾಗಿ, 1963ಕ್ಕೆ ಹಿಂದೆ ಈ ಕೆಲಸವನ್ನು ಸ್ವತಃ ಮಾಡಿದ ಹಿರಿಯರ ನೆನಪುಗಳಿವೆ. ಕಾಗದವು ಇನ್ನೂ ಕೆಲವು ಕಾಲ ಕಾದೀತು. ಆ ಹಿರಿಯರು ದಿನೇದಿನೇ ವಿರಳರಾಗುತ್ತಿದ್ದಾರೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರುಗಳಿಗೆ ಹೋದಾಗ, ಯಾವ ಹೊಲವನ್ನು ಯಾವ ಕೆಲಸಕ್ಕಾಗಿ ಕೊಟ್ಟಿದ್ದರು, ಆ ಕೆಲಸವನ್ನು ಮಾಡಿದವರು ಅದನ್ನು ಹೇಗೆ ನೆನೆಯುತ್ತಾರೆ ಎಂಬುದನ್ನು ಕೇಳಿ ಬರೆದುಕೊಂಡು ಬಂದರೆ, ಕಾಯಿದೆಗಳಿಂದಲೂ ವರದಿಗಳಿಂದಲೂ ನಾವು ಇಲ್ಲಿ ಕಟ್ಟಿರುವ ಈ ಚರಿತ್ರೆಗೆ ಕಾವಲುಗಾರನ ಸ್ವಂತ ಮಾತೂ ಸೇರಿದಂತಾಗುವುದು.